ಕಪ್ಪಾದ ಬೆಳ್ಳಿಯನ್ನು ಸವೆಸದೆ ಬೆಳಗುವುದು ಹೇಗೆ?

ಚಿತ್ರದುರ್ಗದಲ್ಲಿ ನಮ್ಮಪ್ಪ ಪತ್ತಾರಿಕೆ, ಅಂದರೆ ಅಕ್ಕಸಾಲಿ ಕೆಲಸ, ಮಾಡುತ್ತಿದ್ದರು. ಶ್ರಾವಣ ಹತ್ತಿರ ಬಂತೆಂದರೆ ಅಂಗಡಿಗೆ ಒಂದೇ ದೂರು ಹೊತ್ತ ಹೆಣ್ಣುಮಕ್ಕಳು ಬರುತ್ತಿದ್ದರು. “ಪತ್ತಾರ್ರೇ, ಹೋದ್ ವರ್ಷ ತಗಂಡ್ ಕಾಲ್ಚೈನು ಇದು. ಹೆಂಗ್ ಕಪ್ಪಾಗೈತೆ ನೋಡ್ರಿ. ಬೆಳ್ಳಿ ಬೆರಕೆ ಐತೇನು?” ಅಪ್ಪ ಚೈನು ಕೈಗೆ ತಗೊಂಡು, ಹೆಬ್ಬೆರಳಿನಿಂದ ಒಂದು ಕೊಂಡಿ ಉಜ್ಜಿ ತೋರಿಸಿ, “ಬೆಳ್ಳಿ ಆಗಿರೋದ್ಕೇ ಕಪ್ಪಾಗಿರೋದು ಕಣವ್ವಾ. ಸ್ಟೀಲಾಗಿದ್ರೆ ಹಿಂಗಾಗ್ತಿರ್ಲಿಲ್ಲ” ಅನ್ನುತ್ತಿದ್ದರು. ಎಷ್ಟೋ ಮಂದಿ ನಂಬುತ್ತಿರಲಿಲ್ಲ.

ಮದುವೆಯಾಗಿ ದಾವಣಗೆರೆಗೆ ಬಂದ ಮೇಲೆ ಅದೇ ಪ್ರಶ್ನೆ ಓರಗಿತ್ತಿಯರಿಂದ, ಅಕ್ಕಪಕ್ಕದ ಮನೆಯವರಿಂದ ನನಗೆ ಬರತೊಡಗಿತು. ಅವರಿಗೆಲ್ಲ ಬಿಡಿಬಿಡಿಯಾಗಿ ಹೇಳುತ್ತಾ ಬಂದದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ್ದು ಇಷ್ಟು. ಬೆಳ್ಳಿಯ ಮೇಲೆ ಕೂತ ಆ ಕಪ್ಪು ಹೊರಗಿನಿಂದ ಬಂದು ಅಂಟಿದ ಕೊಳೆಯಲ್ಲ. ಅದರ 100 ಗ್ರಾಂ ತೂಕದಲ್ಲಿ ಸುಮಾರು 87 ಗ್ರಾಂ ಬೆಳ್ಳಿಯೇ ಇರುತ್ತದೆ. ನೀವು ಪುಡಿ ಹಾಕಿ ತಿಕ್ಕಿ ತೊಳೆದು ಮೋರಿಗೆ ಬಿಡುವುದು ನಿಮ್ಮದೇ ಬೆಳ್ಳಿಯನ್ನು.

ಕಪ್ಪು ಎಲ್ಲಿಂದ ಬರುತ್ತದೆ

ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ನೀರು ಮತ್ತು ಆಮ್ಲಜನಕದಿಂದ. ಬೆಳ್ಳಿಗೆ ಬರೀ ಆಮ್ಲಜನಕದಿಂದ ಏನೂ ಆಗುವುದಿಲ್ಲ. ಅದಕ್ಕೆ ಆಗದಿರುವುದು ಗಂಧಕ. ಚರಂಡಿಯ ಹತ್ತಿರ, ಕೊಳೆತ ಮೊಟ್ಟೆಯಲ್ಲಿ ಮೂಗಿಗೆ ಬಡಿಯುವ ವಾಸನೆ ಇದೆಯಲ್ಲ, ಅದು ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ. ನಮ್ಮ ಮೂಗಿಗೆ ಗೊತ್ತಾಗದಷ್ಟು ಕಡಿಮೆ ಇದ್ದರೂ ಬೆಳ್ಳಿಗೆ ಅದು ಸಾಕು. ಬೆಳ್ಳಿಯ ಮೇಲ್ಮೈ ಅದರೊಳಗಿನ ಗಂಧಕವನ್ನು ಹಿಡಿದುಕೊಂಡು ಸಿಲ್ವರ್ ಸಲ್ಫೈಡ್ ಆಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಈ ಕೆಲಸ ಇನ್ನೂ ಬೇಗ ನಡೆಯುತ್ತದೆ.

ಇದು ಒಂದೇ ದಿನಕ್ಕೆ ಕಪ್ಪಾಗುವುದಿಲ್ಲ. ಬಹಳ ದಿನ ಬಳಸದ ಬೆಳ್ಳಿ ಲೋಟವೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಿ ತೆಳು ಬೆಲ್ಲದ ನೀರಿನಂಥ ಹಳದಿ, ಅದರ ಪಕ್ಕ ಕಂದು, ಆಮೇಲೆ ನೇರಳೆ, ನೀಲಿ, ತಳದ ಮೂಲೆಯಲ್ಲಿ ಕಪ್ಪು, ಹೀಗೆ ಬಣ್ಣಗಳು ಸಾಲಾಗಿ ಕಾಣುತ್ತವೆ. ಮಳೆ ಬಿದ್ದ ರಸ್ತೆಯ ಮೇಲೆ ಪೆಟ್ರೋಲ್ ಚೆಲ್ಲಿದಾಗ ಕಾಣುವ ಬಣ್ಣಗಳ ಹಾಗೆಯೇ ಇದೂ ತೆಳು ಪೊರೆಯ ಮೇಲೆ ಬೆಳಕು ಮಾಡುವ ಆಟ. ಹಳದಿ ಅಂದರೆ ಪೊರೆ ಇನ್ನೂ ಬಹಳ ತೆಳುವಾಗಿದೆ, ಕಪ್ಪು ಅಂದರೆ ದಪ್ಪವಾಗಿದೆ. ದಪ್ಪ ಅಂದರೂ ಅದು ತಲೆಗೂದಲಿನ ಸಾವಿರದ ಒಂದು ಪಾಲಿನ ಆಸುಪಾಸು ಅಷ್ಟೇ. ಈ ಬಣ್ಣಗಳ ಗುರುತು ನೆನಪಿಟ್ಟುಕೊಳ್ಳಿ. ಯಾವಾಗ ಏನು ಮಾಡಬೇಕೆಂಬುದು ಅದರ ಮೇಲೇ ನಿಂತಿದೆ.

ಇನ್ನು ಬೆರಕೆಯ ಮಾತು. ಅಪ್ಪಟ ಬೆಳ್ಳಿ ಮೆತ್ತಗೆ. ಅದರಲ್ಲಿ ಕಾಲುಚೈನು ಮಾಡಿದರೆ ಕೊಂಡಿ ಅಗಲಿಸಿ ಬಿದ್ದುಹೋಗುತ್ತದೆ. ಗಟ್ಟಿಯಾಗಲಿ ಎಂದು ತಾಮ್ರ ಸೇರಿಸುತ್ತಾರೆ. 925 ಎಂಬ ಗುರುತಿದ್ದರೆ ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ ಎಂದರ್ಥ. ಉಳಿದ 75 ಪಾಲು ಸಾಮಾನ್ಯವಾಗಿ ತಾಮ್ರ. ತಾಮ್ರ ಹೆಚ್ಚಿದಷ್ಟೂ ಬೇಗ ಬಣ್ಣ ಕೆಡುತ್ತದೆ, ಟಚ್, ಅಂದರೆ ಬೆಳ್ಳಿಯ ಶುದ್ಧತೆ, ತೀರ ಕಡಿಮೆ ಇದ್ದರೆ ಬೆವರಿಗೆ ಹಸಿರು ಕಿಲುಬೂ ಕಟ್ಟುತ್ತದೆ. ಹಾಗೆಂದು 999ರ ನಾಣ್ಯ ಕಪ್ಪಾಗುವುದಿಲ್ಲವೆಂದಲ್ಲ, ಸ್ವಲ್ಪ ತಡವಾಗುತ್ತದೆ. ಕಪ್ಪಾದರೆ ಅನುಮಾನ ಬೇಡ. ಹಸಿರಾದರೆ ಟಚ್ ಎಷ್ಟೆಂದು ಒಮ್ಮೆ ನೋಡಿಸಿ.

ನಮ್ಮ ಮನೆಗಳಲ್ಲಿ ಗಂಧಕ ಎಲ್ಲೆಲ್ಲಿದೆ

ತವರಿನಿಂದ ತಂದ ಕಾಲುಚೈನು ದುರ್ಗದಲ್ಲಿ ವರ್ಷಗಟ್ಟಲೆ ಬೆಳ್ಳಗಿದ್ದದ್ದು ದಾವಣಗೆರೆಗೆ ಬಂದು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮಂಕಾಯಿತು. ದುರ್ಗದ ಗಾಳಿ ಒಣ ಗಾಳಿ. ನಮ್ಮ ಮನೆ ದಾವಣಗೆರೆಯಲ್ಲಿ ದೊಡ್ಡ ಚರಂಡಿಗೆ ಹತ್ತಿರ, ಊರಾಚೆಗೆ ಭದ್ರಾ ನಾಲೆಯ ಗದ್ದೆಗಳ ತೇವ. ಮಂಡಕ್ಕಿ ಭಟ್ಟಿಗಳಲ್ಲಿ ಹಳೇ ಟೈರ್ ಉರಿಸುವುದು ಊರಿಗೆಲ್ಲ ಗೊತ್ತಿದ್ದ ವಿಷಯ. ಟೈರಿನ ರಬ್ಬರನ್ನು ಗಟ್ಟಿಮಾಡುವುದೇ ಗಂಧಕ ಸೇರಿಸಿ, ಆದ್ದರಿಂದ ಆ ಹೊಗೆಯಲ್ಲೂ ಗಂಧಕವಿರುತ್ತದೆ.

ಮನೆಯೊಳಗೆ ಬನ್ನಿ. ಬೆಳ್ಳುಳ್ಳಿ, ಈರುಳ್ಳಿ, ಮೊಟ್ಟೆ, ಸಾಸಿವೆ ಎಲ್ಲದರಲ್ಲೂ ಗಂಧಕವಿದೆ. ಬೆಳ್ಳುಳ್ಳಿ ಚಟ್ನಿಗೆ ಎಸಳು ಬಿಡಿಸುವಾಗ ಕೈಯಲ್ಲಿರುವ ಬೆಳ್ಳಿ ಉಂಗುರ ತೆಗೆದಿಡಿ. ಅಡುಗೆ ಗ್ಯಾಸ್ ಸೋರಿದರೆ ಗೊತ್ತಾಗಲಿ ಎಂದು ಸೇರಿಸುವ ವಾಸನೆಯೂ ಗಂಧಕದ್ದೇ. ಉಣ್ಣೆಯಲ್ಲಿದೆ, ಕೂದಲಲ್ಲಿದೆ, ಕಜ್ಜಿ ತುರಿಕೆಗೆ ಹಚ್ಚುವ ಕೆಲವು ಮುಲಾಮು ಸೋಪುಗಳಲ್ಲಿದೆ.

ರಬ್ಬರ್ ಬ್ಯಾಂಡ್ ಬಗ್ಗೆ ಒತ್ತಿ ಹೇಳುತ್ತೇನೆ. ನನ್ನ ಮಗಳ ಗೆಜ್ಜೆಗಳೆರಡನ್ನೂ ಜೋಡಿಸಿ, ಕಳೆದುಹೋಗಬಾರದೆಂದು ರಬ್ಬರ್ ಬ್ಯಾಂಡ್ ಸುತ್ತಿ ಡಬ್ಬಿಯಲ್ಲಿಟ್ಟಿದ್ದೆ. ಆರು ತಿಂಗಳಿಗೆ ತೆಗೆದಾಗ ಇಡೀ ಗೆಜ್ಜೆ ಬೆಳ್ಳಗೇ ಇದೆ, ರಬ್ಬರ್ ಕೂತ ಜಾಗದಲ್ಲಿ ಮಾತ್ರ ಕಾಡಿಗೆಯಲ್ಲಿ ಗೆರೆ ಎಳೆದ ಹಾಗೆ ಕಪ್ಪು ಪಟ್ಟಿ! ಬ್ಯಾಂಡು ಸ್ವಲ್ಪ ಓರೆಯಾಗಿತ್ತು, ಗೆರೆಯೂ ಅಷ್ಟೇ ಓರೆ.

ಇನ್ನೊಂದು ದೀಪಾವಳಿ. ಲಕ್ಷ್ಮೀಪೂಜೆಗೆ ಮನೆಯ ಬೆಳ್ಳಿಯೆಲ್ಲ ಹೊರಗೆ ಬರುವುದು, ಬೀದಿಯಲ್ಲಿ ಪಟಾಕಿ ಹೊಡೆಯುವುದು ಅದೇ ದಿನ. ಪಟಾಕಿ ಮದ್ದಿನಲ್ಲಿ ಗಂಧಕವಿದೆ. ಪೂಜೆ ಮಾಡಿ ಎರಡು ಮೂರು ದಿನ ಹಾಗೇ ಬಿಟ್ಟ ಸಾಮಾನು ಆ ಹೊಗೆಯಲ್ಲೇ ಕೂತಿರುತ್ತದೆ. ಮುಖವಾಡ, ದೀಪ ಬಿಟ್ಟು ಉಳಿದದ್ದನ್ನು ಮಂಗಳಾರತಿ ಆದ ಮೇಲೆ ಒಳಗಿಟ್ಟರೆ ಒಳ್ಳೆಯದು.

ಮಗುವಿನ ಉಡುದಾರ ಕಪ್ಪಾದರೆ ದೃಷ್ಟಿ ಆಗಿದೆ ಅನ್ನುತ್ತಾರೆ, ಮೈಯಲ್ಲಿ ಉಷ್ಣ ಜಾಸ್ತಿ ಅನ್ನುತ್ತಾರೆ. ಬೆವರಿನ ಉಪ್ಪು, ತೇವ, ಅದರಲ್ಲಿರುವ ಗಂಧಕದ ಅಂಶ, ಹಚ್ಚುವ ಎಣ್ಣೆ ಸೋಪು ಇವೆಲ್ಲ ಸೇರಿ ಹಾಗಾಗುತ್ತದೆ. ಮಗುವಿಗೆ ಕಾಯಿಲೆ ಇದೆ ಎಂಬುದರ ಗುರುತು ಅದಲ್ಲ. ತಾಯಂದಿರು ಇದಕ್ಕೆ ಹೆದರುವುದನ್ನು ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನೀರಿಗೆ ಹಾಕುವ ಮುಂಚೆ ವಿಂಗಡಿಸಿ

ಎಲ್ಲ ಬೆಳ್ಳಿಗೂ ಒಂದೇ ಮದ್ದಲ್ಲ. ಒಂದು ಬಿಳಿ ಪಂಚೆ ಹಾಸಿ ಸಾಮಾನನ್ನೆಲ್ಲ ಹರವಿ, ಇವನ್ನು ಮೊದಲು ಬೇರೆ ತೆಗೆದಿಡಿ.

ಮುತ್ತು, ಹವಳ ಕೂರಿಸಿದವು, ಕಲ್ಲನ್ನು ಅಂಟಿನಿಂದ ಹಚ್ಚಿದವು. ಒಳಗೆ ಅರಗು ತುಂಬಿದ ಪೊಳ್ಳು ಕಡಗ, ಬಿಸಿ ನೀರಿಗೆ ಅರಗು ಕರಗಿ ಹೊರಗೆ ಬರುತ್ತದೆ. ಬೆಳ್ಳಿ ನೀರು ಕುಡಿಸಿದ ಸಾಮಾನು, ಅದರ ಮೇಲಿನ ಬೆಳ್ಳಿ ಎರಡು ಸಲ ತಿಕ್ಕಿದರೆ ಮುಗಿಯಿತು. ಜರ್ಮನ್ ಸಿಲ್ವರ್ ಪೂಜಾ ಸಾಮಾನು ಬೇರೆಯೇ ಜಾತಿ, ಅದರಲ್ಲಿರುವುದು ತಾಮ್ರ, ನಿಕ್ಕಲ್, ಸತು. ಬೆಳ್ಳಿ ಹೆಸರಿನಲ್ಲಿ ಮಾತ್ರ.

ಆಕ್ಸಿಡೈಸ್ಡ್ ಎಂದು ಮಾರುವ ಜುಮಕಿ, ಸರಗಳಲ್ಲಿ ಚಿತ್ತಾರ ಎದ್ದು ಕಾಣಲಿ ಎಂದು ಬೇಕೆಂತಲೇ ಗಂಧಕದ ದ್ರಾವಣದಲ್ಲಿ ಅದ್ದಿ ಕಪ್ಪು ಮಾಡಿರುತ್ತಾರೆ. ಮುಂದೆ ಹೇಳುವ ಅಡುಗೆ ಸೋಡಾದ ನೀರಿಗೆ ಹಾಕಿದರೆ ಆ ಕಪ್ಪೂ ಹೋಗಿ ಒಡವೆ ಬೋಳಾಗುತ್ತದೆ. ಹಳೇ ಲಂಬಾಣಿ ಬೆಳ್ಳಿಗೂ ಇದೇ ಮಾತು. ಸೂರಗೊಂಡನಕೊಪ್ಪಕ್ಕೆ ಸೇವಾಲಾಲ್ ಜಯಂತಿಗೆ ಬರುವ ವಯಸ್ಸಾದ ಹೆಣ್ಣುಮಕ್ಕಳ ಕೂದಲ ಪಕ್ಕ ತೂಗುವ ಘುಗ್ರಿ, ಟೋಪ್ಲಿಗಳನ್ನು ನೋಡಿ. ಉಬ್ಬು ಭಾಗ ಮೈಗೆ ತಾಗಿ ತಾಗಿ ಬೆಳ್ಳಗೆ, ತಗ್ಗಿನಲ್ಲಿ ತಲೆಮಾರುಗಳ ಕಪ್ಪು. ಆ ಕಪ್ಪಿನಿಂದಲೇ ಕೆಲಸದ ಅಂದ ಕಾಣುವುದು. ಅಂಥವು ಮನೆಯಲ್ಲಿದ್ದರೆ ಬರೀ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ ಇಡಿ.

ಇಷ್ಟಲಿಂಗ ಇಡುವ ಬೆಳ್ಳಿ ಕರಡಿಗೆ ಇದ್ದವರು ಲಿಂಗವನ್ನು ಹೊರಗೆ ತೆಗೆದು ಪೂಜೆಯ ಜಾಗದಲ್ಲಿ ಇಟ್ಟ ಮೇಲೆಯೇ ಕರಡಿಗೆಗೆ ಕೈ ಹಾಕಬೇಕು. ಲಿಂಗದ ಮೇಲಿನ ಕಂತಿಗೆ, ಅಂದರೆ ಕಪ್ಪು ಲೇಪಕ್ಕೆ, ಬಿಸಿ ಸೋಡಾ ನೀರು ಸೋಕಬಾರದು. ಕರಡಿಗೆಯ ದಾರವನ್ನೂ ಬಿಚ್ಚಿಡಿ.

ದೀಪದ ಕಂಬ, ಆರತಿ ತಟ್ಟೆಗಳ ಕಪ್ಪು ಹಲವು ಸಲ ಬರೀ ಮಸಿ. ಹತ್ತಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿ. ಮಸಿಯಾದರೆ ಹತ್ತಿಗೆ ಬರುತ್ತದೆ, ಗಂಧಕದ ಕಪ್ಪಾದರೆ ಅಲ್ಲೇ ಕೂತಿರುತ್ತದೆ.

ಮೊದಲು ಅಂಟುವಾಳದ ನೀರು

ಮೈಯೆಣ್ಣೆ, ಅರಿಸಿನ ಕುಂಕುಮ, ಧೂಳು ಹೋಗದೆ ಕಪ್ಪು ತೆಗೆಯಲು ಹೊರಟರೆ ಕಲೆ ಕಲೆಯಾಗುತ್ತದೆ. ನಾಲ್ಕೈದು ಅಂಟುವಾಳಕಾಯಿಯ ಬೀಜ ತೆಗೆದು ರಾತ್ರಿ ಒಂದು ಚೊಂಬು ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ಕಿವುಚಿದರೆ ನೊರೆ ಬರುತ್ತದೆ, ಅದನ್ನು ಉಗುರುಬೆಚ್ಚಗೆ ಮಾಡಿ ಒಡವೆಯನ್ನು ಹತ್ತು ನಿಮಿಷ ನೆನೆಸಿ. ಮಕ್ಕಳ ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಕೊಂಡಿಗಳ ಸಂದಿಗೆ ಆಡಿಸಿ. ಅಪ್ಪನ ಅಂಗಡಿಯಲ್ಲಿ ಹೊಸ ಒಡವೆಗೆ ಕೊನೆಯ ಹೊಳಪು ಬರುತ್ತಿದ್ದದ್ದೂ ಇದೇ ನೀರಿನಿಂದ. ಅಂಟುವಾಳ ಸಿಗದಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಸಾಕು.

ಪೊರೆ ಇನ್ನೂ ಹಳದಿಯಲ್ಲಿದ್ದರೆ ಇಷ್ಟಕ್ಕೇ, ಒಣಗಿಸಿ ಬಟ್ಟೆಯಲ್ಲಿ ಒರೆಸಿದರೆ, ಬಹುಪಾಲು ಹೋಗುತ್ತದೆ. ಮುತ್ತು ಹವಳದವನ್ನು ನೆನೆಸದೆ, ಬೆಳ್ಳಿಯ ಭಾಗವನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿ ಅಲ್ಲಿಗೇ ನಿಲ್ಲಿಸಿ.

ಕಪ್ಪನ್ನು ಮತ್ತೆ ಬೆಳ್ಳಿ ಮಾಡುವ ಸೋಡಾ ನೀರು

ಕಂದು, ನೇರಳೆ, ಕಪ್ಪಿಗೆ ಬಂದ ಕಲ್ಲಿಲ್ಲದ ಸಾದಾ ಬೆಳ್ಳಿಗೆ ನಾನು ನಂಬಿರುವುದು ಇದೊಂದನ್ನೇ. ಉಳಿದ ದಾರಿಗಳೆಲ್ಲ ಕಪ್ಪನ್ನು ಕೆರೆದು ಎಸೆಯುತ್ತವೆ. ಇದು ಕಪ್ಪಿನೊಳಗಿನ ಗಂಧಕವನ್ನು ಬಿಡಿಸಿ ಬೆಳ್ಳಿಯನ್ನು ಬೆಳ್ಳಿಯಾಗಿಯೇ ಉಳಿಸುತ್ತದೆ.

ಬೇಕಾದ್ದು ಒಂದು ಅಗಲ ಗಾಜಿನ ಅಥವಾ ಸ್ಟೀಲಿನ ಪಾತ್ರೆ, ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆ, ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡಾ, ಒಂದು ಸಣ್ಣ ಚಮಚ ಉಪ್ಪು. ಹಾಳೆ ಇಲ್ಲದಿದ್ದರೆ ನಮ್ಮ ಕಡೆ ಹಳಬರು ಜರ್ಮನ್ ಪಾತ್ರೆ ಅನ್ನುವ ಅಲ್ಯೂಮಿನಿಯಂ ಡಬರಿಯೂ ಆಗುತ್ತದೆ. ಆದರೆ ಅದರ ತಳ ಕಪ್ಪಾಗುತ್ತದೆ, ಅಡುಗೆಗೆ ಬಳಸದ ಹಳೆಯದನ್ನು ತಗೊಳ್ಳಿ.

1. ಕಿಟಕಿ ತೆರೆಯಿರಿ. ಪಾತ್ರೆಯ ತಳಕ್ಕೆ ಹಾಳೆಯನ್ನು ಹೊಳೆಯುವ ಮಗ್ಗುಲು ಮೇಲಾಗಿ ಹಾಸಿ. ಬೆಳ್ಳಿಯನ್ನು ಅದರ ಮೇಲೆ ಹರವಿ. ಪ್ರತಿಯೊಂದೂ ಹಾಳೆಗೆ ತಾಗಿರಲೇಬೇಕು, ಒಂದರ ಮೇಲೊಂದು ಗುಡ್ಡೆ ಹಾಕಬೇಡಿ.
2. ಸೋಡಾ, ಉಪ್ಪನ್ನು ಮೇಲೆ ಉದುರಿಸಿ.
3. ಕುದಿ ಇಳಿದ ಬಿಸಿ ನೀರನ್ನು ಅಂಚಿನಿಂದ ನಿಧಾನ ಸುರಿಯಿರಿ. ಒಮ್ಮೆಗೇ ಸುರಿದರೆ ಸೋಡಾ ನೊರೆಯೆದ್ದು ಉಕ್ಕುತ್ತದೆ.
4. ಎರಡರಿಂದ ಐದು ನಿಮಿಷ. ಮಧ್ಯೆ ಒಮ್ಮೆ ಮರದ ಚಮಚದಿಂದ ಮಗುಚಿ, ಇನ್ನೊಂದು ಮಗ್ಗುಲೂ ಹಾಳೆಗೆ ತಾಗಲಿ.
5. ಇಕ್ಕಳದಿಂದ ತೆಗೆದು ಎರಡು ಮೂರು ಸಲ ನೀರು ಬದಲಿಸಿ ತೊಳೆಯಿರಿ.

ಮೊದಲ ಸಲ ಮಾಡಿದ ದಿನ ನಮ್ಮತ್ತೆ ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡು, “ಏನೇ ಅದು, ಕೊಳ್ತ್ ಮೊಟ್ಟೆ ವಾಸ್ನೆ ಬರ್ತೈತೆ!” ಅಂದರು. ಆ ವಾಸನೆ ಬಂದರೆ ಕೆಲಸ ನಡೆದಿದೆ ಎಂದರ್ಥ. ವರ್ಷಗಳಿಂದ ಬೆಳ್ಳಿ ಹಿಡಿದಿಟ್ಟುಕೊಂಡಿದ್ದ ಗಂಧಕ ಹೊರಟಿದೆ. ನೀರೊಳಗೆ ಬಗ್ಗಿ ನೋಡಿದರೆ ಕಾಲುಚೈನು ಹಾಳೆಗೆ ತಾಗಿದ ಕಡೆಯಿಂದ ಬಿಳುಪು ಶುರುವಾಗಿ ಕೊಂಡಿಯಿಂದ ಕೊಂಡಿಗೆ ಹತ್ತುತ್ತಾ ಹೋಗುತ್ತದೆ, ಸುತ್ತ ಸಣ್ಣ ಗುಳ್ಳೆಗಳು. ತೆಗೆದ ಮೇಲೆ ಹಾಳೆಯ ಮೇಲೆ ಚೈನಿನ ಗುರುತು ಮಂಕಾಗಿ ಅಚ್ಚೊತ್ತಿರುತ್ತದೆ.

ಒಳಗೆ ನಡೆಯುವುದು ಸಣ್ಣದೊಂದು ಬ್ಯಾಟರಿಯ ಕೆಲಸ. ಸೋಡಾ ನೀರು ಅಲ್ಯೂಮಿನಿಯಂ ಮೇಲಿನ ಪೊರೆಯನ್ನು ಕಳಚುತ್ತದೆ, ಅಲ್ಯೂಮಿನಿಯಂ ತಾನು ಕರಗುತ್ತಾ ಬಿಟ್ಟುಕೊಡುವ ಎಲೆಕ್ಟ್ರಾನುಗಳನ್ನು ಪಡೆದು ಸಿಲ್ವರ್ ಸಲ್ಫೈಡ್ ಮತ್ತೆ ಬೆಳ್ಳಿಯಾಗುತ್ತದೆ. ತಾಗಿರಬೇಕು ಎಂದು ಒತ್ತಿ ಹೇಳಿದ್ದು ಇದಕ್ಕೇ. ಪೊರೆ ತೀರ ದಪ್ಪವಾಗಿದ್ದರೆ ಸ್ವಲ್ಪ ಹೊಪ್ಪಳೆಯಾಗಿ ಉದುರುವುದೂ ಉಂಟು. ಹೊಸ ನೀರು, ಹೊಸ ಹಾಳೆ ಹಾಕಿ ಇನ್ನೊಮ್ಮೆ ಮಾಡಿ, ಹೆಚ್ಚು ಹೊತ್ತು ಬಿಡಬೇಡಿ. ಹೊರಬಂದ ಬೆಳ್ಳಿ ಹಾಲಿನ ಹಾಗೆ ಬೆಳ್ಳಗೆ ಆದರೆ ಮಂಕಾಗಿರುತ್ತದೆ. ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ನಾಲ್ಕು ಸಲ ಒರೆಸಿದರೆ ಹೊಳಪು ಬರುತ್ತದೆ.

ಕೊನೆಯ ತೊಳೆತಕ್ಕೆ ಬೋರ್ ನೀರು ಬೇಡ. ನಮ್ಮ ಕಡೆಯ ಗಡಸು ನೀರು ಒಣಗಿದರೆ ಬಿಳಿ ಕಲೆ ಬಿಡುತ್ತದೆ. ಕುಡಿಯಲು ತಂದ ಫಿಲ್ಟರ್ ನೀರನ್ನೇ ಒಂದು ಲೋಟ ಬಳಸಿ. ಗೆಜ್ಜೆಯ ಗುಂಡಿನೊಳಗೆ ನೀರು ನಿಲ್ಲುತ್ತದೆ, ಅಲ್ಲಾಡಿಸಿ ಕೊಡವಿ ಫ್ಯಾನಿನ ಕೆಳಗೆ ರಾತ್ರಿಯಿಡೀ ಬಿಡಿ.

ತಿಕ್ಕಲೇಬೇಕಾದರೆ

ಪೊಳ್ಳಲ್ಲದ, ಚಿತ್ತಾರವಿಲ್ಲದ ತಟ್ಟೆ ಲೋಟಗಳಿಗೆ ವಿಭೂತಿ ಒಳ್ಳೆಯದು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವ ವಸ್ತು. ಒಂದು ಚಿಟಿಕೆ ಹಲ್ಲಿನ ನಡುವೆ ಇಟ್ಟು ನೋಡಿ, ಕರಕರ ಅಂದರೆ ಬೇಡ, ಬೆಣ್ಣೆಯ ಹಾಗಿದ್ದರೆ ಬಳಸಿ. ನೀರಲ್ಲಿ ಕಲಸಿ ಹತ್ತಿಯಿಂದ ಉದ್ದುದ್ದಕ್ಕೆ, ಒಂದೇ ದಿಕ್ಕಿಗೆ ಒರೆಸಿ, ಗುಂಡಗೆ ತಿರುಗಿಸಿದರೆ ಗೀರು ಎದ್ದು ಕಾಣುತ್ತದೆ. ಒಲೆಯ ಬೂದಿ, ಪಾತ್ರೆ ತಿಕ್ಕುವ ಪುಡಿ, ನಾರು, ಸ್ಕ್ರಬ್ಬರ್ ಹತ್ತಿರವೂ ತರಬೇಡಿ.

ಟೂತ್‌ಪೇಸ್ಟ್ ಬಗ್ಗೆ ನನಗೆ ಇಂದಿಗೂ ನೋವಿದೆ. ಅಜ್ಜಿಯ ಕುಂಕುಮದ ಭರಣಿಯ ಮುಚ್ಚಳದ ಮೇಲೆ ಒಂದು ನವಿಲಿತ್ತು, ಗರಿಯ ಒಂದೊಂದು ಎಳೆಯನ್ನೂ ಕೈಯಲ್ಲಿ ಕೊರೆದದ್ದು. ವರಮಹಾಲಕ್ಷ್ಮಿಗೆಂದು ವರ್ಷ ವರ್ಷ ಟೂತ್‌ಪೇಸ್ಟ್ ಹಚ್ಚಿ ಬ್ರಷ್‌ನಿಂದ ಬೆಳಗಿದೆ. ಫಳಫಳ ಹೊಳೆಯುತ್ತಿತ್ತು. ಏಳೆಂಟು ವರ್ಷಕ್ಕೆ ನೋಡಿದರೆ ಗರಿಗಳಿಲ್ಲ, ನವಿಲಿನ ಆಕಾರ ಮಾತ್ರ ಉಳಿದಿದೆ. ಹಲ್ಲಿನ ಗಟ್ಟಿಗೆ ಮಾಡಿದ ಪುಡಿ ಬೆಳ್ಳಿಯ ಮೆತ್ತಗಿನ ಮೈಗೆ ಉಪ್ಪುಕಾಗದವೇ ಸರಿ. ಅಪ್ಪನಿಗೆ ತೋರಿಸಿದೆ. ಅವರು ಬೆರಳಾಡಿಸಿ ಸುಮ್ಮನೆ ಕೊಟ್ಟರು.

ಹುಣಸೆಹಣ್ಣು ತಾಮ್ರ ಹಿತ್ತಾಳೆಗೆ ಸರಿ, ಬೆಳ್ಳಿಗೆ ಪ್ರಯೋಜನವಿಲ್ಲ. ಹುಳಿಗೆ ತಾಮ್ರದ ಕಿಲುಬು ಕರಗುತ್ತದೆ, ಬೆಳ್ಳಿಯ ಕಪ್ಪು ಕರಗುವುದಿಲ್ಲ. ನಿಂಬೆ ಉಪ್ಪೂ ಅಷ್ಟೇ, ಮೇಲಾಗಿ ಒಡವೆಯೊಳಗಿನ ತಾಮ್ರವನ್ನು ತಿನ್ನುತ್ತದೆ. ಬಾಟಲಿಯಲ್ಲಿ ಬರುವ ಅದ್ದುವ ದ್ರಾವಣಗಳಲ್ಲಿ ಸಾಮಾನ್ಯವಾಗಿ ಆಮ್ಲ, ಥಯೋಯೂರಿಯಾ ಇರುತ್ತವೆ. ಕ್ಷಣದಲ್ಲಿ ಬೆಳ್ಳಗಾಗುತ್ತದೆ ನಿಜ, ಸರಿಯಾಗಿ ತೊಳೆಯದಿದ್ದರೆ ಅಷ್ಟೇ ಬೇಗ ಮತ್ತೆ ಕಪ್ಪಾಗುತ್ತದೆ. ಊಟದ ತಟ್ಟೆ, ಮಗುವಿಗೆ ಹಾಲು ಹಾಕುವ ಒಳಲೆ ಇವಕ್ಕೆ ಅದನ್ನು ಖಂಡಿತ ಬಳಸಬೇಡಿ.

ಪಾಲಿಶ್‌ಗೆ ಕೊಡುವುದಾದರೆ

ದಾವಣಗೆರೆಯ ಚೌಕಿಪೇಟೆಯಲ್ಲಾಗಲಿ ದುರ್ಗದಲ್ಲಾಗಲಿ, ಗುರುತಿರುವ ಅಂಗಡಿಗೆ ಕೊಡಿ. ಕೊಡುವ ಮುಂಚೆ ತಕ್ಕಡಿಯಲ್ಲಿ ತೂಗಿಸಿ ಚೀಟಿ ಬರೆಸಿಕೊಳ್ಳಿ, ವಾಪಸ್ ತಗೊಳ್ಳುವಾಗ ಮತ್ತೆ ತೂಗಿಸಿ. ಮೋಟರಿನ ಬಫ್ ಚಕ್ರಕ್ಕೆ ಹಿಡಿದರೆ ಸ್ವಲ್ಪ ಬೆಳ್ಳಿ ಹೋಗಿಯೇ ಹೋಗುತ್ತದೆ. ಚಿತ್ತಾರದ ಸಾಮಾನಿಗೆ “ಬಫ್ ಬೇಡ, ತೊಳೆದು ಕೊಡ್ರಿ ಸಾಕು” ಎಂದು ಹೇಳಿ. ಮನೆ ಬಾಗಿಲಿಗೆ ಬಂದು ಪಾಲಿಶ್ ಮಾಡಿಕೊಡುತ್ತೇವೆ ಅನ್ನುವವರ ಕೈಗೆ ಮಾತ್ರ ಕೊಡಬೇಡಿ. ಅವರ ಡಬ್ಬಿಯಲ್ಲಿ ಆಸಿಡ್ ಇದ್ದರೆ ನಿಮ್ಮ ಬೆಳ್ಳಿ ಅದರಲ್ಲಿ ಕರಗಿ ಅವರ ಜೊತೆಗೇ ಹೋಗುತ್ತದೆ.

ಎತ್ತಿಡುವುದು

ದಿನಾ ಮೈಮೇಲಿರುವ ಬೆಳ್ಳಿ ಬಹುಮಟ್ಟಿಗೆ ಉಜ್ಜಿ ಉಜ್ಜಿ ತಾನೇ ಬೆಳ್ಳಗಿರುತ್ತದೆ. ಹೆಚ್ಚಾಗಿ ಕಪ್ಪಾಗುವುದು ಬೀರುವಿನೊಳಗಿನದು. ಎತ್ತಿಡುವ ದಿನ ಬರಿಗೈಯಲ್ಲಿ ಮುಟ್ಟದೆ ಬಟ್ಟೆಯಲ್ಲಿ ಹಿಡಿಯಿರಿ, ಇಲ್ಲದಿದ್ದರೆ ಮುಂದಿನ ವರ್ಷ ನಿಮ್ಮ ಬೆರಳಚ್ಚೇ ಕಂದು ಬಣ್ಣದಲ್ಲಿ ಕಾಣಿಸುತ್ತದೆ. ಗಂಜಿ ಹೋದ ಹಳೇ ಬಿಳಿ ಹತ್ತಿ ಬಟ್ಟೆಯಲ್ಲಿ ಒಂದೊಂದನ್ನೂ ಬೇರೆಬೇರೆ ಸುತ್ತಿ, ಜಿಪ್ ಕವರಿಗೆ ಹಾಕಿ, ಕವರನ್ನು ಅಂಗೈಯಿಂದ ಒತ್ತಿ ಗಾಳಿ ಹೊರಗೆ ಬಿಟ್ಟು ಮುಚ್ಚಿ. ಉಣ್ಣೆ ಬಟ್ಟೆ, ನ್ಯೂಸ್‌ಪೇಪರ್, ರಬ್ಬರ್ ಬ್ಯಾಂಡ್ ಬೇಡ. ಕಟ್ಟಲು ಹತ್ತಿ ದಾರ ಇರಲಿ.

ಹೊಸ ಚಪ್ಪಲಿ, ಬ್ಯಾಗುಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯಬೇಡಿ, ಮಕ್ಕಳ ಕೈಗೆ ಸಿಗದಂತೆ ಕೂಡಿಡಿ. ಕವರಿಗೊಂದು ಹಾಕಿದರೆ ತೇವ ಹೀರುತ್ತದೆ, ಮಳೆಗಾಲ ಮುಗಿದ ಮೇಲೆ ಬದಲಿಸಿ. ಒಡವೆ ಅಂಗಡಿಗಳಲ್ಲಿ ಕಪ್ಪು ತಡೆಯುವ ಕಾಗದದ ಪಟ್ಟಿಯೂ ಸಿಗುತ್ತದೆ. ಅದು ಗಂಧಕವನ್ನು ತಾನೇ ಹೀರಿಕೊಳ್ಳುವುದರಿಂದ ಕವರ್ ಬಿಗಿಯಾಗಿ ಮುಚ್ಚಿದ್ದರೆ ಮಾತ್ರ ಬಹಳ ದಿನ ಬಾಳುತ್ತದೆ.

ನಮ್ಮನೆಯಲ್ಲಿ ಬೀರು ತೆಗೆದು ಕವರುಗಳನ್ನು ಬೆಳಕಿಗೆ ಹಿಡಿದು ನೋಡುವುದು ವರ್ಷಕ್ಕೆರಡು ಸಲ, ಶ್ರಾವಣಕ್ಕೆ ಒಂದು ವಾರ ಮುಂಚೆ ಮತ್ತು ದೀಪಾವಳಿ ಕಳೆದ ಮೇಲೆ. ಹಳದಿ ಇಣುಕಿದ್ದನ್ನು ಮಾತ್ರ ತೆಗೆದು ಬಟ್ಟೆಯಲ್ಲಿ ಒರೆಸುತ್ತೇವೆ, ಉಳಿದ ಕವರುಗಳ ಜಿಪ್ಪನ್ನು ತೆರೆಯುವುದೇ ಇಲ್ಲ. ಗರಿ ಇಲ್ಲದ ಆ ನವಿಲಿನ ಭರಣಿಯೂ ಅವುಗಳ ನಡುವೆಯೇ ಇದೆ. ಈಗ ಅದಕ್ಕೆ ಒಣ ಬಟ್ಟೆಯೊಂದೇ.